ಮೂರು ಮನೆಗಳ ದಾಖಲೆಯಲ್ಲಿ ಒಬ್ಬ ದೊಡ್ಡಾಯಿ

ಹಳೆಯ ಕಾಗದಗಳಲ್ಲಿ ಗಂಡಸನ್ನು ಹುಡುಕುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅವನ ಹೆಸರಿನ ಜೊತೆಗೆ ತಂದೆಯ ಹೆಸರು ಬರುತ್ತದೆ, ಊರು ಬರುತ್ತದೆ, ಸರ್ವೆ ನಂಬರು ಬರುತ್ತದೆ. ಹುಟ್ಟಿನಿಂದ ಸಾಯುವ ತನಕ ಇವುಗಳಲ್ಲಿ ಯಾವುದೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹೆಂಗಸಿನ ಮಾತು ಬೇರೆ. ಲಗ್ನಕ್ಕೆ ಮುಂಚೆ ಆಕೆ ಇಂಥವರ ಮಗಳು, ಲಗ್ನವಾದ ಮೇಲೆ ಇಂಥವರ ಹೆಂಡತಿ, ಗಂಡ ತೀರಿಕೊಂಡರೆ ಇಂಥವರ ಬೇವಾ, ಮಗ ಪಟ್ಟೇದಾರನಾದ ಮೇಲೆ ಇಂಥವರ ತಾಯಿ. ಊರು ಬದಲಾಗುತ್ತದೆ; ನಮ್ಮ ಸೀಮೆಯಲ್ಲಿ ಎಷ್ಟೋ ಸಲ ಗಂಡನ ಮನೆಯವರು ಹೆಸರನ್ನೂ ಬದಲಿಸುತ್ತಿದ್ದರು. ಹೀಗಾಗಿ ಮೂರು ಸಲ ಮದುವೆಯಾದ ಒಬ್ಬ ಹೆಂಗಸು ದಫ್ತರದಲ್ಲಿ ಮೂವರು ಹೆಂಗಸರಾಗಿ ಉಳಿಯುತ್ತಾಳೆ, ಆ ಮೂವರೂ ಒಬ್ಬಳೇ ಎಂದು ಹೇಳುವ ಗೆರೆ ಯಾವ ಕಾಗದದಲ್ಲಿಯೂ ಇರುವುದಿಲ್ಲ.

ಇಂದು ನಾನು ಹೇಳಲಿರುವುದು ಅಂಥ ಒಬ್ಬಾಕೆಯ ವಿಷಯ. ಆಕೆ ನಮ್ಮ ಮುತ್ಯಾನ ತಾಯಿ. ಮನೆಯಲ್ಲಿ ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಆಕೆಯ ಹೆಸರನ್ನಾಗಲಿ ಆಕೆ ಬಾಳಿದ ಊರುಗಳ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ, ಏಕೆಂದರೆ ಆ ಮನೆಗಳಲ್ಲಿ ಇಂದಿಗೂ ಜನರಿದ್ದಾರೆ ಮತ್ತು ಅವರೆಲ್ಲರೂ ಈ ಸಂಗತಿ ಸಭೆಗೆ ಬರಲೆಂದು ಒಪ್ಪಿದವರಲ್ಲ. ತವರು ಚಿತ್ತಾಪುರ ಸೀಮೆ, ಮೊದಲ ಗಂಡನ ಮನೆ ಜೇವರ್ಗಿ ಕಡೆ, ಎರಡನೆಯದು ಸೇಡಂ ಕಡೆ, ಮೂರನೆಯದು ಯಾದಗಿರಿ ಕಡೆ ಭೀಮಾ ದಂಡೆಯ ನಮ್ಮ ಊರು ಎಂಬಷ್ಟು ನೆನಪಿಟ್ಟುಕೊಂಡರೆ ಸಾಕು.

ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣ, ನೌಕರಿಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಅರ್ಹತಾ ಪ್ರಮಾಣಪತ್ರಕ್ಕಾಗಿ ಈ ಭಾಗದ ಮನೆಮನೆಯಲ್ಲಿಯೂ ಹಳೆಯ ಟ್ರಂಕುಗಳು ಹೊರಗೆ ಬಂದವು. ನಿಮ್ಮಲ್ಲಿಯೂ ಬಹಳ ಜನ ತಂದೆಯ, ಅಜ್ಜನ ಕಾಗದಗಳನ್ನು ಹುಡುಕಿದ್ದೀರಿ. ಬೇಕಾದ ಒಂದು ಕಾಗದ ಸಿಕ್ಕೊಡನೆ ಉಳಿದುದನ್ನು ಮತ್ತೆ ತುಂಬಿ ಬೀಗ ಹಾಕಿದ್ದೀರಿ. ನಮ್ಮ ಮನೆಯಲ್ಲಿ ಹಾಗೆ ಉಳಿದುದರಲ್ಲಿ ಒಂದು ಉದ್ದನೆಯ ವಹಿ ಇತ್ತು. ಅದು ನಮ್ಮ ಮುತ್ಯಾನ ಲಗ್ನದ ಆಯೇರಿ ಯಾದಿ, ಎಂದರೆ ಬಂಧುಗಳು ತಂದ ಉಡುಗೊರೆಗಳ ಪಟ್ಟಿ, ಸ್ವಭಾನು ಸಂವತ್ಸರದ ವೈಶಾಖ, ಅಂದರೆ 1943ರ ಮೇ ತಿಂಗಳು.

ಆಯೇರಿ ಯಾದಿಯನ್ನು ಯಾರೂ ಚರಿತ್ರೆಗಾಗಿ ಬರೆಯುವುದಿಲ್ಲ. ಇವರು ನಮಗೆ ಇಷ್ಟು ಮಾಡಿದ್ದಾರೆ, ನಾಳೆ ಅವರ ಮನೆಯ ಕಾರ್ಯದಲ್ಲಿ ನಾವೂ ಅಷ್ಟು ಮಾಡಬೇಕು ಎಂಬ ಮುಯ್ಯಿಯ ಲೆಕ್ಕ ಅದು. ಆದ್ದರಿಂದಲೇ ಅದರಲ್ಲಿ ಸುಳ್ಳಿಗೆ ಜಾಗ ಕಡಿಮೆ: ಬಂಧುತ್ವವನ್ನು ತಪ್ಪಾಗಿ ಬರೆದರೆ ಮುಂದೆ ಸೀರೆ ತಪ್ಪು ಮನೆಗೆ ಹೋಗುತ್ತದೆ. ಈ ಯಾದಿಯಲ್ಲಿ ಸೇಡಂ ಕಡೆಯ ಒಬ್ಬರ ಹೆಸರಿತ್ತು. ಅವರ ತಂದೆಯ ಹೆಸರು ನಮ್ಮ ವಂಶದಲ್ಲಿ ಎಲ್ಲಿಯೂ ಬರುವುದಿಲ್ಲ, ಮನೆತನದ ಹೆಸರೂ ಬೇರೆ. ಮುಂದೆ ಹೀಗೆ ಬರೆದಿತ್ತು: ಮದುಮಗನಿಗೆ ಧೋತರ ಒಂದು ಜೋಡಿ, ಅವ್ವಗೆ ಸೀರೆ ಒಂದು. ಬೇರೆ ಬಂಧುಗಳು ತಂದ ಸೀರೆಗಳೆಲ್ಲ ಮದುಮಗಳಿಗೆ, ಇಲ್ಲವೆ ಬೀಗತಿಗೆ. ಮದುಮಗನ ತಾಯಿಗೆ ಸೀರೆ ತಂದು, ಆಕೆಯನ್ನು ಅವ್ವ ಎಂದು ಬರೆಸಿದವರು ಇವರೊಬ್ಬರೇ. ಅಕ್ಕತಂಗಿಯರ ಮಕ್ಕಳಾಗಿದ್ದರೆ ದೊಡ್ಡವ್ವ ಎಂದೋ ಚಿಗವ್ವ ಎಂದೋ ಬರೆಸುತ್ತಿದ್ದರು.

ನಮ್ಮ ಸೋದರತ್ತೆಯವರನ್ನು ಕೇಳಿದೆ. ‘ಅವ ಆಯಿಯ ಹಿಂದಿನ ಮನಿ ಮಗ’ ಎಂದಷ್ಟೇ ಹೇಳಿ ಮಾತು ಬದಲಿಸಿದರು. ಹಿಂದೆ ಒಂದು ಮನೆ ಇತ್ತೆಂಬುದು ಹೀಗೆ ತಿಳಿಯಿತು. ಅದಕ್ಕೂ ಹಿಂದೆ ಇನ್ನೊಂದಿತ್ತೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ತವರಿನ ಕಿರ್ದಿ ಪುಸ್ತಕ.

ಇಲ್ಲಿ ನನ್ನ ಮುಖ್ಯವಾದ ಮಾತನ್ನು ಹೇಳಿಬಿಡುತ್ತೇನೆ. ಒಬ್ಬ ಹೆಂಗಸಿನ ಬದುಕನ್ನು ಹುಡುಕುವವರು ಬಹುತೇಕ ಗಂಡನ ಮನೆಯಿಂದ ಶುರು ಮಾಡುತ್ತಾರೆ, ಏಕೆಂದರೆ ಭೂಮಿಯ ಕಾಗದ ಅಲ್ಲಿರುತ್ತದೆ. ಆದರೆ ಗಂಡನ ಮನೆಯ ಕಾಗದಕ್ಕೆ ಆಕೆ ತನ್ನ ಹೊಸ್ತಿಲು ದಾಟಿ ಬಂದ ದಿನದಿಂದ ಮಾತ್ರ ಗೊತ್ತು. ಹೆಚ್ಚು ಸಲ ಮದುವೆಯಾದವಳ ಪೂರ್ತಿ ಬದುಕು ಒಂದೆಡೆ ಕೂಡುವುದು ತವರಿನಲ್ಲಿಯೇ. ಗಂಡಂದಿರು ಬದಲಾದರೂ ಅಣ್ಣತಮ್ಮಂದಿರು ಬದಲಾಗುವುದಿಲ್ಲ.

ದೊಡ್ಡಾಯಿಯ ಅಣ್ಣನ ಮೊಮ್ಮಕ್ಕಳು ಒಳ್ಳೆಯವರು. ಅಟ್ಟದ ಮೇಲಿದ್ದ ಕಿರ್ದಿಗಳ ಗಂಟನ್ನು ಇಳಿಸಿಕೊಟ್ಟರು. ಒಕ್ಕಲುತನದ ಜೊತೆಗೆ ಸಣ್ಣ ಪ್ರಮಾಣದಲ್ಲಿ ಕಾಳುಕಡಿ ವ್ಯಾಪಾರವೂ ಇದ್ದ ಮನೆಯಾದ್ದರಿಂದ ದಿನದ ಜಮಾಖರ್ಚು ಕನ್ನಡದಲ್ಲಿ ಬರೆದಿತ್ತು. ಮೊದಲ ಲಗ್ನದ ಖರ್ಚು ‘ವಿಲಂಬಿ ಸಂವತ್ಸರ, ವೈಶಾಖ’ ಎಂಬ ತಲೆಬರಹದಲ್ಲಿದೆ, ಶಕವರ್ಷವನ್ನು ಬರೆದಿಲ್ಲ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ ಎಂಬುದು ನಿಮಗೆಲ್ಲ ಗೊತ್ತು. ಹಾಗಾದರೆ ಈ ವಿಲಂಬಿ 1838ರದೋ, 1898ರದೋ, 1958ರದೋ? ಉತ್ತರ ಅದೇ ಪುಟದ ಖರ್ಚಿನಲ್ಲಿದೆ. ಜವಳಿ ತರಲು ವಾಡಿಯಿಂದ ಕಲಬುರಗಿಗೆ ಹೋಗಿಬಂದ ರೈಲು ಚಾರ್ಜು ಬರೆದಿದ್ದಾರೆ, ಅದೊಂದನ್ನು ಮಾತ್ರ ಬ್ರಿಟಿಷರ ಕಲ್ದಾರ್ ರೂಪಾಯಿಯಲ್ಲಿ, ಉಳಿದದ್ದನ್ನೆಲ್ಲ ನಿಜಾಮರ ಹಾಲಿ ಸಿಕ್ಕದಲ್ಲಿ. ಕಲಬುರಗಿ, ವಾಡಿ, ಯಾದಗಿರಿಗಳನ್ನು ಹಾಯ್ದು ರಾಯಚೂರಿಗೆ ಹೋಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಪೂರ್ತಿಯಾದದ್ದು 1871ರಲ್ಲಿ. ಆದ್ದರಿಂದ 1838 ಆಗಲಾರದು. 1958ರ ಹೊತ್ತಿಗೆ ನಯಾ ಪೈಸೆ ಬಂದಾಗಿತ್ತು, ನಿಜಾಮರ ರಾಜ್ಯವೇ ಹೋಗಿತ್ತು. ಉಳಿಯುವುದು 1898. ಆಗ ಹುಡುಗಿಗೆ ಹತ್ತು ವರ್ಷವಿದ್ದಿರಬೇಕು. ಹಾಲಿ ಸಿಕ್ಕ, ಕಲ್ದಾರ್‌ಗಳ ಲೆಕ್ಕ ಹಾಕುವವರಿಗೆ ಒಂದು ಮಾತು: ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂದು ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ.

ಲಗ್ನದ ಖರ್ಚು ಒಂದು ಪುಟ. ಅದಕ್ಕಿಂತ ಹೆಚ್ಚು ಬೆಲೆಬಾಳುವುದು ಆಮೇಲಿನ ಪುಟಗಳಲ್ಲಿ ಶ್ರಾವಣ ಮಾಸಕ್ಕೊಮ್ಮೆ ಬರುವ ಒಂದು ಸಣ್ಣ ಸಾಲು. ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆಯುವುದು ನಮ್ಮಲ್ಲಿ ಬಿಡಲಾರದ ಪದ್ಧತಿ. ಅಣ್ಣನಾಗಲಿ ತಮ್ಮನಾಗಲಿ ಬಂಡಿ ಕಟ್ಟಿಕೊಂಡು ಹೋಗಬೇಕು, ಉಂಡಿ ಕಟ್ಟಬೇಕು, ಖಣ ಕೊಡಬೇಕು. ಇದಕ್ಕೆಲ್ಲ ಖರ್ಚಿದೆ, ಖರ್ಚಿದ್ದರೆ ಕಿರ್ದಿಯಲ್ಲಿ ಸಾಲಿದೆ. ಲಗ್ನವಾದ ಮೊದಲ ಕೆಲವು ವರ್ಷ ಆ ಸಾಲು ಇಲ್ಲ, ಏಕೆಂದರೆ ಹುಡುಗಿ ಇನ್ನೂ ತವರಿನಲ್ಲಿಯೇ ಇದ್ದಳು. ಪ್ಲವ ಸಂವತ್ಸರದಲ್ಲಿ, 1901ರಲ್ಲಿ, ಬಂಡಿ ಮೊದಲ ಸಲ ಜೇವರ್ಗಿ ಕಡೆಗೆ ಹೋಗಿದೆ. ಮರುವರ್ಷವೂ ಹೋಗಿದೆ. ಶೋಭಕೃತ್ ಸಂವತ್ಸರದಲ್ಲಿ, ಎಂದರೆ 1903ರಲ್ಲಿ, ಪಂಚಮಿಗಿಂತ ಎಷ್ಟೋ ಮೊದಲೇ, ಚೈತ್ರದಲ್ಲಿಯೇ, ‘ಮಗಳನ್ನು ಕರೆತಂದ ಬಂಡಿ’ ಎಂದಿದೆ. ಅದರ ಹಿಂದಿನ ಪುಟದಲ್ಲಿ ಹೊಲದಲ್ಲಿ ಗುಡಿಸಲು ಹಾಕಲು ತಟ್ಟಿ, ಗಳ, ಹಗ್ಗದ ಖರ್ಚು. ಅಲ್ಲಿಂದ ಮುಂದೆ ಐದು ಶ್ರಾವಣಗಳಲ್ಲಿ ಬಂಡಿಯ ಸಾಲಿಲ್ಲ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮರುವರ್ಷಗಳಲ್ಲಿ ನಿಜಾಮರ ಸೀಮೆಯನ್ನೂ ಹೊಕ್ಕಿತ್ತು. ಇಲಿ ಬಿದ್ದ ಊರನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಎಲ್ಲೆಡೆ ರೂಢಿಯಾಗಿತ್ತು. ಮೊದಲ ಗಂಡ ಪ್ಲೇಗಿನಲ್ಲಿಯೇ ತೀರಿಕೊಂಡನೆಂದು ಕಿರ್ದಿ ಹೇಳುವುದಿಲ್ಲ. ಗುಡಿಸಲಿನ ಸಾಲು ಮತ್ತು ಬಂಡಿಯ ಸಾಲು ಒಂದರ ಹಿಂದೊಂದು ಇರುವುದರಿಂದ ನಾನು ಹಾಗೆ ತಿಳಿದಿದ್ದೇನೆ, ವಂಶಪಟ್ಟಿಯಲ್ಲಿ ಅದನ್ನು ಊಹೆ ಎಂದೇ ಗುರುತು ಹಾಕಿದ್ದೇನೆ. ಇಂಥಲ್ಲಿ ಊಹೆಯನ್ನು ಸಂಗತಿಯಂತೆ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಮುಂದಿನ ತಲೆಮಾರು ಅದನ್ನೇ ದಾಖಲೆ ಎಂದು ನಂಬುತ್ತದೆ.

ಕೀಲಕ ಸಂವತ್ಸರದ ಶ್ರಾವಣದಲ್ಲಿ, 1908ರಲ್ಲಿ, ಬಂಡಿ ಮತ್ತೆ ಹೊರಡುತ್ತದೆ, ಈ ಸಲ ಸೇಡಂ ದಿಕ್ಕಿಗೆ. ಈ ನಡುವೆ ಲಗ್ನವೆಂಬ ತಲೆಬರಹ ಎಲ್ಲಿಯೂ ಇಲ್ಲ. ಒಂದು ಸೀರೆ, ಒಂದು ಕುಪ್ಪಸ, ಹತ್ತಾರು ಜನರ ಊಟಕ್ಕೆ ಸಾಲುವಷ್ಟು ಜೋಳ, ಬೆಲ್ಲ, ಇಷ್ಟೇ ಇದೆ. ಹಿರಿಯರಿಗೆ ಇದರ ಗುರುತು ಸಿಗುತ್ತದೆ. ಅದು ಉಡಿಕೆ. ಹಂದರ ಹಾಕುವುದಿಲ್ಲ, ವಾಲಗ ಊದಿಸುವುದಿಲ್ಲ, ಮುತ್ತೈದೆಯರನ್ನು ಕರೆಯುವುದಿಲ್ಲ; ರಾತ್ರಿಯ ಹೊತ್ತು ನಾಲ್ಕು ಜನ ಹಿರಿಯರ ಎದುರಿಗೆ ಸೀರೆ ಉಡಿಸಿ ಕಳಿಸಿಕೊಡುವ ಮರುಮದುವೆ. ಹಂದರವಿಲ್ಲದ ಮದುವೆಗೆ ಆಯೇರಿ ಇಲ್ಲ, ಆಯೇರಿ ಇಲ್ಲದಿದ್ದರೆ ಯಾದಿಯೂ ಇಲ್ಲ. ಆದ್ದರಿಂದ ವಿಧವೆಯರ ಮರುಮದುವೆಯನ್ನು ಹುಡುಕುವವರು ಮದುವೆಯ ದಾಖಲೆಯನ್ನು ಹುಡುಕಿ ಪ್ರಯೋಜನವಿಲ್ಲ. ಆ ಮದುವೆಯಿಂದ ಮುಂದೆ ಹುಟ್ಟಿದ ಖರ್ಚುಗಳನ್ನು, ಮಕ್ಕಳನ್ನು, ಜಗಳಗಳನ್ನು ಹುಡುಕಬೇಕು.

ಎರಡನೆಯ ಮನೆಯ ಕಾಗದ ಸಿಕ್ಕಿದ್ದು ಹಾಗೆ, ಮಗನ ಮೂಲಕ. ಆಯೇರಿ ತಂದ ಸೇಡಂ ಕಡೆಯ ಆ ಮಗ ಹುಟ್ಟಿದ್ದು 1911ರ ಸುಮಾರಿಗೆ. ಅವನ ತಂದೆಯ ಪಟ್ಟಾ ಭೂಮಿ ಅವನ ಹೆಸರಿಗೆ ಹೇಗೆ ಬಂತೆಂದು ಹಿಂದಕ್ಕೆ ಹೋದರೆ ಫಸಲಿ (ಕಂದಾಯದ ವರ್ಷ) 1328ರ ವಿರಾಸತ್ ಕಾರ್ಯವಾಹಿಯ, ಎಂದರೆ ವಾರಸು ದಾಖಲಿಸುವ ನಡಾವಳಿಯ, ಒಂದು ನಕಲು ಅವನ ಮೊಮ್ಮಕ್ಕಳ ಬಳಿ ಇತ್ತು. ಕುಲಕರ್ಣಿಯ ಟಿಪ್ಪಣಿ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ, ಅದರ ಮೇಲಿನ ಹುಕುಂ ಉರ್ದುವಿನಲ್ಲಿ. ಅಲ್ಲಿಗೆ ದೊಡ್ಡಾಯಿಯ ಬದುಕು ಮೂರು ಲಿಪಿಗಳಲ್ಲಿ ಹರಡಿದಂತಾಯಿತು. ಕೂಡಿಸಿ ಬರೆದ ಕಚೇರಿ ಉರ್ದುವನ್ನು ಓದಬಲ್ಲ ಹಿರಿಯರು ಕಲಬುರಗಿ, ಬೀದರಗಳಲ್ಲಿ ಇನ್ನೂ ಇದ್ದಾರೆ. ಮೋಡಿ ಓದುವವರು ಅವರಿಗಿಂತ ಕಡಿಮೆ. ನಿಮ್ಮ ಮನೆಯಲ್ಲಿ ಇಂಥ ಕಾಗದಗಳಿದ್ದರೆ ಅವರು ಇರುವಾಗಲೇ ಓದಿಸಿಕೊಳ್ಳಿ.

ಫಸಲಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇಲ್ಲಿ ಎಡವುವವರೇ ಹೆಚ್ಚು. ನಿಜಾಮರ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರುವಾಗುತ್ತದೆ. ಫಸಲಿಯಿಂದ ಇಸವಿ ತಿಳಿಯಲು ಅಕ್ಟೋಬರಿನಿಂದ ಡಿಸೆಂಬರ್ ತನಕದ ತಾರೀಖಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಕ್ಕೆ 591. ಮುಂಬಯಿ ಇಲಾಖೆಯ ಫಸಲಿ ಜೂನ್‌ನಲ್ಲಿ ಮೃಗಶಿರ ಮಳೆಯ ಹೊತ್ತಿಗೆ ಶುರುವಾಗುತ್ತಿತ್ತು, ಮದರಾಸಿನದು ಜುಲೈನಲ್ಲಿ. ಅಫಜಲಪುರ, ಆಳಂದದ ಕಡೆಯವರ ನಂಟಸ್ತಿಕೆ ವಿಜಯಪುರ, ಸೊಲ್ಲಾಪುರಗಳಲ್ಲಿಯೂ ಇರುವುದರಿಂದ ಒಂದೇ ಗಂಟಿನಲ್ಲಿ ಎರಡು ಬಗೆಯ ಫಸಲಿ ಇರಬಹುದು. ಇನ್ನು ಜಿಲ್ಲೆಯ ಗಡಿ. ಯಾದಗಿರಿ ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ವರ್ಷವಾಗಿಲ್ಲ, ಅಲ್ಲಿಯ ಹಳೆಯ ಕಾಗದಗಳನ್ನು ಕಲಬುರಗಿಯಲ್ಲಿಯೂ ಕೇಳಬೇಕು. ಕೊಡಂಗಲ್, ತಾಂಡೂರುಗಳು 1956ರ ತನಕ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು; ಆ ಕಡೆ ಕೊಟ್ಟ ಹೆಣ್ಣುಮಕ್ಕಳನ್ನು ಹುಡುಕುವವರು ಈಗ ತೆಲಂಗಾಣಕ್ಕೆ ಹೋಗಬೇಕಾಗುತ್ತದೆ. ಊರು ದಿವಾನಿಯದೋ (ನೇರವಾಗಿ ಸರಕಾರದ್ದು), ಜಾಗೀರಿನದೋ (ಇನಾಮಾಗಿ ಕೊಟ್ಟದ್ದು), ಪಾಯಿಗಾದ್ದೋ (ನಿಜಾಮರ ದೊಡ್ಡ ಸರದಾರ ಮನೆತನದ್ದು) ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಜಾಗೀರುಗಳು 1949ರಲ್ಲಿ ರದ್ದಾಗುವ ತನಕ ಅವುಗಳ ದಫ್ತರ ಬೇರೆಯೇ ಇತ್ತು.

ಈಗ ಕಾರ್ಯವಾಹಿಗೆ ಬರುತ್ತೇನೆ. ಅದು ಆಜುರ್ 1328, ಅಂದರೆ 1918ರ ಅಕ್ಟೋಬರ್. ಆ ತಿಂಗಳಿನಲ್ಲಿ ಸತ್ತವನ ಬಗ್ಗೆ ಕಾರಣ ಕೇಳುವ ಅಗತ್ಯವೇ ಬೀಳುವುದಿಲ್ಲ. ಇನ್‌ಫ್ಲುಯೆಂಜಾ ಇಡೀ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಲವದು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ 1 ಕೋಟಿ 33 ಲಕ್ಷವಿದ್ದದ್ದು 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಮುದುಕರು, ಕೂಸುಗಳಿಗಿಂತಲೂ ಇಪ್ಪತ್ತರಿಂದ ನಲವತ್ತರ ಒಳಗಿನ ದುಡಿಯುವ ಜನರನ್ನೇ ಹೆಚ್ಚಾಗಿ ಒಯ್ದ ಬೇನೆ ಅದಾದ್ದರಿಂದ, ಮುಂದಿನ ಎರಡು ಮೂರು ವರ್ಷಗಳಲ್ಲಿ ಒಂದೊಂದು ಊರಿನಲ್ಲಿಯೂ ಎಳೆಯ ವಿಧವೆಯರು ಮತ್ತು ಹೆಂಡತಿ ಸತ್ತ ಗಂಡಸರು ಎಷ್ಟೋ ಜನ ಇದ್ದರು. ನಿಮ್ಮ ವಂಶಪಟ್ಟಿಗಳಲ್ಲಿ 1919ರಿಂದ 1922ರ ನಡುವಿನ ಮದುವೆಗಳನ್ನು ಒಮ್ಮೆ ನೋಡಿ. ಅವುಗಳಲ್ಲಿ ಎರಡನೆಯ ಮದುವೆಗಳು ಸಿಗದಿದ್ದರೆ ನನಗೆ ಆಶ್ಚರ್ಯವಾಗುತ್ತದೆ.

ಎರಡನೆಯ ಗಂಡ ತೀರಿಕೊಂಡಾಗ ಮಗ ಏಳು ವರ್ಷದ ನಾಬಾಲಿಗ್, ಎಂದರೆ ಅಪ್ರಾಪ್ತ. ಪಟ್ಟಾ ಅವನ ಹೆಸರಿಗೆ ಬಂತು, ವಲಿಯಾಗಿ, ಎಂದರೆ ಪಾಲಕಳಾಗಿ, ತಾಯಿಯ ಹೆಸರು ಏರಿತು. ಸರಕಾರಿ ಕಾಗದದಲ್ಲಿ ದೊಡ್ಡಾಯಿಯ ಹೆಸರು ಮೊದಲ ಸಲ ಬಂದದ್ದು ಇಲ್ಲಿ, ಆಕೆಯ ಮೂವತ್ತನೆಯ ವಯಸ್ಸಿನಲ್ಲಿ. ಫಸಲಿ 1331ರಲ್ಲಿ ಮತ್ತೊಂದು ಹುಕುಂ ಆಗಿದೆ: ತಾಯಿ ಉಡಿಕೆ ಹೋದ ಕಾರಣ ಆಕೆಯ ಹೆಸರನ್ನು ತೆಗೆದು ಹುಡುಗನ ಕಾಕಾನನ್ನು ವಲಿ ಎಂದು ಮಾಡಿದೆ. ತವರಿನ ಕಿರ್ದಿಯಲ್ಲಿ ಪಂಚಮಿಯ ಖರ್ಚು ಯಾದಗಿರಿ ರೈಲಿಗೆ ಬಿದ್ದಿರುವುದು ಅದಕ್ಕೆ ಸ್ವಲ್ಪ ಮೊದಲು, ದುರ್ಮತಿ ಸಂವತ್ಸರದ ಶ್ರಾವಣದಲ್ಲಿ, 1921ರಲ್ಲಿ. ಎರಡೂ ಕಾಗದಗಳಿಗೆ ಒಂದರ ಸುದ್ದಿ ಇನ್ನೊಂದಕ್ಕಿಲ್ಲ, ಆದರೂ ಎರಡೂ ಒಂದೇ ಮಾತನ್ನು ಹೇಳುತ್ತವೆ. ಇಂಥ ಹೊಂದಿಕೆ ಸಿಕ್ಕಾಗ ಮಾತ್ರ ಪಟ್ಟಿಯಲ್ಲಿ ಊಹೆಯ ಗುರುತನ್ನು ಅಳಿಸಬಹುದು.

ಹತ್ತು ವರ್ಷದ ಮಗನನ್ನು ಬಿಟ್ಟು ಹೋದಳೇ ಎಂದು ನಮ್ಮ ಮನೆಯ ಹೆಣ್ಣುಮಕ್ಕಳೇ ನನ್ನನ್ನು ಕೇಳಿದ್ದಾರೆ. ಬಿಟ್ಟು ಹೋಗುವುದು ಆಕೆಯ ಕೈಯಲ್ಲಿದ್ದ ನಿರ್ಧಾರವೇ ಅಲ್ಲ. ಬ್ರಿಟಿಷ್ ಇಂಡಿಯಾದ 1856ರ ವಿಧವಾ ಪುನರ್ವಿವಾಹ ಕಾಯಿದೆ ಮರುಮದುವೆಯನ್ನು ಕಾನೂನುಬದ್ಧ ಮಾಡಿತು, ಜೊತೆಗೇ ಸತ್ತ ಗಂಡನ ಆಸ್ತಿಯ ಮೇಲಿದ್ದ ಹಕ್ಕನ್ನು ಮರುಮದುವೆಯಾದವಳಿಂದ ತೆಗೆಯಿತು. ಆ ಕಾಯಿದೆ ನಿಜಾಮರ ಸೀಮೆಯದಲ್ಲ, ಆದರೆ ಒಕ್ಕಲು ಜನರ ರೂಢಿ ಇಲ್ಲಿಯೂ ಅದೇ: ಭೂಮಿ, ಮತ್ತು ಭೂಮಿಗೆ ವಾರಸುದಾರನಾದ ಮಗ, ಎರಡೂ ಸತ್ತವನ ಮನೆಯಲ್ಲಿ ಉಳಿಯಬೇಕು. ಮಗನನ್ನು ಕರೆದುಕೊಂಡು ಹೋಗಿದ್ದರೆ ಅವನು ಹೊಲ ಕಳೆದುಕೊಳ್ಳುತ್ತಿದ್ದ.

ಇದನ್ನು ನಮ್ಮ ಮನೆ ಯಾಕೆ ಮುಚ್ಚಿಟ್ಟಿತು? ಕುಲಕರ್ಣಿಯ ಟಿಪ್ಪಣಿಯನ್ನು ಓದಿಸಿಕೊಂಡಾಗ ನನಗೆ ಹೊಳೆದದ್ದು ಇದು: ಆತ ‘ಉಡಿಕೆ ಹೋದಳು’ ಎಂಬುದನ್ನು ಹೊಲದಲ್ಲಿ ಜೋಳವಿದೆ ಎಂದು ಬರೆದಷ್ಟೇ ನಿರಾಳವಾಗಿ ಬರೆದಿದ್ದಾನೆ. 1921ರ ಜನರಿಗೆ ಅದು ಗೊತ್ತಿದ್ದ, ಹೆಸರಿದ್ದ, ರೀತಿಯಿದ್ದ ಸಂಗತಿ. ಉಡಿಕೆಯಾದವಳನ್ನು ಆರತಿಗೆ, ಉಡಿ ತುಂಬಲು ಕರೆಯುತ್ತಿರಲಿಲ್ಲ, ಅದರಲ್ಲಿ ಅವಮಾನವಿತ್ತು ನಿಜ; ಆದರೂ ಅಡಗಿಸುವಂಥದ್ದೇನೂ ಇರಲಿಲ್ಲ. ಅಡಗಿಸಲು ಶುರು ಮಾಡಿದವರು ಆಮೇಲಿನವರು, ಶಾಲೆ ಕಲಿತವರು, ನೌಕರಿಗೆ ಸೇರಿದವರು, ಮನೆತನದ ಮರ್ಯಾದೆಯ ಹೊಸ ಅಳತೆಗೋಲನ್ನು ಬೇರೆಯವರಿಂದ ಎರವಲು ತಂದವರು. ನಮ್ಮ ಅಪ್ಪನ ತಲೆಮಾರನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಹೆಳವರ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕುಳಿತು, ಮನೆತನದ ಹಿರೀಕರನ್ನು ತಲೆಮಾರು ತಲೆಮಾರಾಗಿ ಹೇಳಿ ಕಾಳು, ಬಟ್ಟೆ, ಕೆಲವೊಮ್ಮೆ ಆಕಳನ್ನೂ ಪಡೆದು ಹೋಗುವವರು ಅವರು. ನಮ್ಮ ಮನೆತನದ ಹೆಳವರ ವಹಿಯಲ್ಲಿ ಮೂಲಪುರುಷನ ಪರಾಕ್ರಮ ಬಹಳ ದೊಡ್ಡದಾಗಿದೆ. ಅದನ್ನು ನಾನು ನಂಬುವುದಿಲ್ಲ, ಕೇಳುವವರನ್ನು ಸಂತೋಷಪಡಿಸಲೆಂದೇ ಅದು ಬೆಳೆದಿದೆ. ಆದರೆ ನಮ್ಮ ಮುತ್ಯಾನ ತಂದೆಯ ಸಾಲಿನಲ್ಲಿ ಮೊದಲ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆಕೆ ತೀರಿದ ಮೇಲೆ ‘ಉಡಿಕೆ’ ಎಂದು ಬರೆದು ದೊಡ್ಡಾಯಿಯ ತವರೂರನ್ನು ನಮೂದಿಸಿದ್ದಾರೆ. ಇದನ್ನು ಹೇಳಿದರೆ ಯಾರೂ ಒಂದು ಸೇರು ಕಾಳನ್ನೂ ಹೆಚ್ಚು ಕೊಡುವುದಿಲ್ಲ. ಆದ್ದರಿಂದ ಇದನ್ನು ನಂಬುತ್ತೇನೆ. ಆ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಲಗ್ನ ಮಾಡಿಕೊಟ್ಟವಳು ದೊಡ್ಡಾಯಿಯೇ ಎಂಬುದೂ ಹೀಗೆಯೇ ತಿಳಿಯಿತು. ನಮ್ಮ ಮುತ್ಯಾ ಹುಟ್ಟಿದ್ದು 1923ರಲ್ಲಿ.

ಮೂರನೆಯ ಮನೆಯಲ್ಲಿ ಆಕೆ ಮೂವತ್ತೆಂಟು ವರ್ಷ ಬಾಳಿದಳು, ಬೇರೆ ಎರಡು ಮನೆಗಳಲ್ಲಿ ಬಾಳಿದ್ದನ್ನು ಕೂಡಿಸಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಆದರೂ ಈ ಕಾಲದ ಕಾಗದಗಳೇ ಎಲ್ಲಕ್ಕಿಂತ ಕಡಿಮೆ. ಭೂಮಿ ಗಂಡನ ಹೆಸರಿನಲ್ಲಿತ್ತು, ಆತ ಗಟ್ಟಿಯಾಗಿ ಬದುಕಿದ, ಜಗಳವಾಗಲಿಲ್ಲ. ಸುಖವಾಗಿದ್ದವರು ದಫ್ತರಕ್ಕೆ ಹೆಚ್ಚು ಕೆಲಸ ಕೊಡುವುದಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಯ ಮತದಾರರ ಪಟ್ಟಿಯ ನಕಲಿನಲ್ಲಿ ಗಂಡನ ಹೆಸರಿನ ಕೆಳಗೆ ಆಕೆಯ ಸ್ವಂತ ಹೆಸರಿದೆ. ಇದು ಸಣ್ಣ ಮಾತಲ್ಲ. ಆ ಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳಲು ಒಪ್ಪದ ಸುಮಾರು 28 ಲಕ್ಷ ಹೆಂಗಸರ ನಮೂದುಗಳನ್ನು ದೇಶದಾದ್ಯಂತ ಪಟ್ಟಿಯಿಂದ ತೆಗೆಯಬೇಕಾಯಿತು. ದೊಡ್ಡಾಯಿ ಹೇಳಿದ ಹೆಸರು ತವರಿನದು. ಸೇಡಂ ಕಡೆಯ ಕಾಗದದಲ್ಲಿ ಇದ್ದ ಹೆಸರು ಬೇರೆ.

ಇಂಥ ಕೆಲಸಕ್ಕೆ ಹೊರಟವರನ್ನು ಊರಿನಲ್ಲಿ ಮೊದಲು ಕೇಳುವ ಪ್ರಶ್ನೆ, ಹೊಲ ಕೇಳಾಕ ಬಂದೀರೇನು ಎಂದು. ಹಳೆಯ ಪಹಣಿ ಕೇಳುವವನ ಮೇಲೆ ಅನುಮಾನ ಬರುವುದು ಸಹಜ, ಅದಕ್ಕೆ ಸಿಟ್ಟಾಗಬೇಡಿ. ನಾನು ಹೋದಲ್ಲೆಲ್ಲ ಮೊದಲು ನಮ್ಮ ಕಡೆಯ ಕಾಗದಗಳನ್ನು ತೋರಿಸಿದೆ, ಆಮೇಲೆ ಅವರದನ್ನು ಕೇಳಿದೆ. ಸೇಡಂ ಕಡೆಯ ಮನೆಯವರಿಗೆ ಆಯೇರಿ ಯಾದಿಯ ಆ ಸಾಲನ್ನು ತೋರಿಸಿದ ಮೇಲೆ ಅವರೇ ವಿರಾಸತ್ತಿನ ನಕಲನ್ನು ತೆಗೆದುಕೊಟ್ಟರು.

ಕೊನೆಯದಾಗಿ ಪಟ್ಟಿ ಬರೆಯುವ ವಿಷಯ. ಕಚೇರಿಯ ವಂಶವೃಕ್ಷದ ನಮೂನೆಯಲ್ಲಿ ಮೇಲೆ ಗಂಡಸು, ಪಕ್ಕದಲ್ಲಿ ಹೆಂಡತಿ, ಕೆಳಗೆ ಮಕ್ಕಳು. ಒಬ್ಬ ಗಂಡಸಿಗೆ ಮೂವರು ಹೆಂಡಿರನ್ನು ಅದರಲ್ಲಿ ಸರಾಗವಾಗಿ ಬರೆಯಬಹುದು, ಒಬ್ಬ ಹೆಂಗಸಿಗೆ ಮೂವರು ಗಂಡಂದಿರನ್ನು ಬರೆಯಲು ಜಾಗವಿಲ್ಲ. ನಾವು ಮನೆಗಾಗಿ ಬರೆದುಕೊಂಡ ಪಟ್ಟಿಯಲ್ಲಿ ತವರಿನ ಹೆಸರಿನಿಂದ ಆಕೆಯನ್ನು ನಡುವೆ ಇಟ್ಟು, ಮೂವರನ್ನೂ ಇಸವಿಯ ಜೊತೆಗೆ ಸುತ್ತ ಬರೆದೆವು. ಇಬ್ಬರು ಹಿರಿಯರು ಒಪ್ಪಲಿಲ್ಲ; ಅವರ ಪ್ರತಿಗಳಲ್ಲಿ ಮೂರನೆಯ ಗಂಡನೊಬ್ಬನೇ ಇದ್ದಾನೆ. ಸೇಡಂ ಕಡೆಯವರು ಪೂರ್ತಿ ಪಟ್ಟಿಯನ್ನೇ ಕೇಳಿ ತೆಗೆದುಕೊಂಡರು. ಜೇವರ್ಗಿ ಕಡೆಯ ಮನೆಯನ್ನು ಹುಡುಕುವ ಕೆಲಸ ಬಾಕಿಯಿದೆ. ಮಕ್ಕಳಿಲ್ಲದ ಎರಡು ವರ್ಷದ ಸಂಸಾರದ ಗುರುತು ಅಲ್ಲಿ ಸಿಕ್ಕುವುದಾದರೆ ಅದು ಆ ಮನೆಯವರ ಆಯೇರಿ ಯಾದಿಯಲ್ಲಿಯೇ ಸಿಕ್ಕಬೇಕು. 1898ರ ವೈಶಾಖದ್ದು ಇದೆಯೇ ಎಂದು ಕೇಳಿ ಬರಲು ತವರಿನವರೇ ಒಪ್ಪಿಕೊಂಡಿದ್ದಾರೆ.